ಡೀಸೆಲ್ ಟ್ಯಾಂಕಿನಲ್ಲಿ ಲೋಳೆ: ಔಷಧಿಗೆ ಮುಂಚೆ ನೀರು ತೆಗೆಯಿರಿ

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಹತ್ತಿರ ಕಾಫಿ ತೋಟ. 2021ರಲ್ಲಿ ಕೊಂಡ ಬಿಎಸ್6 ಡೀಸೆಲ್ ಪಿಕಪ್ ಇದೆ. ಮಳೆಗಾಲದಲ್ಲಿ ಅದು ಹೆಚ್ಚಾಗಿ ಶೆಡ್ಡಿನಲ್ಲೇ ನಿಂತಿರುತ್ತದೆ. ಸ್ಪ್ರಿಂಕ್ಲರ್ ಪಂಪ್‌ಸೆಟ್‌ಗೆ ಅಂತ 200 ಲೀಟರ್ ಬ್ಯಾರೆಲ್‌ನಲ್ಲಿ ಡೀಸೆಲ್ ಇಡುತ್ತೇವೆ. ಮಾರ್ಚ್‌ನಲ್ಲಿ ಹೂವಿಗೆ ನೀರು ಹಾರಿಸಿ ಉಳಿದದ್ದು ಅದರಲ್ಲೇ ಇತ್ತು. ಬ್ಯಾರೆಲ್ ಕೆರೆ ಪಕ್ಕ ಬಯಲಿನಲ್ಲೇ ಇರುತ್ತದೆ. ಬಂಕ್ ದೂರ, ಹಾಗಾಗಿ ಮಳೆಯಲ್ಲಿ ಅದನ್ನೇ ಪಿಕಪ್‌ಗೆ ಹಾಕಿದೆವು. ಸೆಪ್ಟೆಂಬರ್‌ನಿಂದ ಗಾಡಿ ಏರಿನಲ್ಲಿ ಎಳೆಯುತ್ತಿಲ್ಲ. ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಸರಿ. ಎರಡು ತಿಂಗಳಲ್ಲಿ ಮೂರು ಸಲ ಫಿಲ್ಟರ್ ಬದಲಿಸಿದೆವು, ಮೂರೂ ಸಲ ಒಳಗೆ ಕಂದು ಲೋಳೆ. ಒಬ್ಬ ಮೆಕ್ಯಾನಿಕ್ ಪಾಚಿ ಅಂತಾರೆ, ಇನ್ನೊಬ್ಬರು ಎಥೆನಾಲ್ ಅಂತಾರೆ, ಪಕ್ಕದ ತೋಟದವರು ಬಂಕಿನ ಕಲಬೆರಕೆ ಅಂತಾರೆ. ಒಂದು ಲೀಟರ್ ಪೆಟ್ರೋಲ್ ಬೆರೆಸಿ ಅಂತ ಒಬ್ಬರು, ಔಷಧಿ ಸುರಿದರೆ ಸಾಕು ಅಂತ ಇನ್ನೊಬ್ಬರು. ಟ್ಯಾಂಕ್ ಬಿಚ್ಚಲೇಬೇಕಾ? ಇಂಜೆಕ್ಟರ್ ಹೋಗಿದೆಯಾ? ಬ್ಯಾರೆಲ್‌ನಲ್ಲಿ ಉಳಿದ 80 ಲೀಟರ್ ಏನು ಮಾಡಲಿ? ಕೊಯ್ಲು ಹತ್ತಿರ ಬಂತು.

ಉತ್ತರ: ಕೊಯ್ಲಿನ ಹೊತ್ತಿಗೆ ಹಣ್ಣು ತುಂಬಿದ ಗಾಡಿ ಏರಿನ ಮಧ್ಯೆ ನಿಂತರೆ ಏನು ಗತಿ ಅನ್ನುವುದು ನಿಮ್ಮ ಚಿಂತೆ. ಆ ಚಿಂತೆ ನನಗೆ ಅರ್ಥವಾಗುತ್ತದೆ. ಇಪ್ಪತ್ತೈದು ವರ್ಷದಿಂದ ಡೀಸೆಲ್ ಪಂಪ್, ಇಂಜೆಕ್ಟರ್ ಕೆಲಸ ಮಾಡುತ್ತಿದ್ದೇನೆ. ಪ್ರತಿ ವರ್ಷ ಮಳೆ ಮುಗಿದ ಕೂಡಲೇ ಇಂಥ ಗಾಡಿಗಳು ಬರುತ್ತವೆ.

ಮೊದಲು ಸಮಾಧಾನದ ಮಾತು ಹೇಳುತ್ತೇನೆ. ನೀವು ಬರೆದ ಲಕ್ಷಣ ನೋಡಿದರೆ ಇಂಜೆಕ್ಟರ್, ಅಂದರೆ ಎಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ಭಾಗ, ಉಳಿದಿರುವ ಸಾಧ್ಯತೆಯೇ ಜಾಸ್ತಿ. ಕೆಟ್ಟ ಇಂಜೆಕ್ಟರ್ ಹತ್ತು ನಿಮಿಷ ನಿಲ್ಲಿಸಿದ ಮಾತ್ರಕ್ಕೆ ಸರಿಹೋಗುವುದಿಲ್ಲ. ಟ್ಯಾಂಕಿನೊಳಗೆ ಡೀಸೆಲ್ ಹೀರುವ ಕೊಳವೆಯ ಬಾಯಿಗೆ ಒಂದು ಜಾಲರಿ ಇರುತ್ತದೆ. ಎಂಜಿನ್ ಏರಿನಲ್ಲಿ ಜೋರಾಗಿ ಹೀರುವಾಗ ಲೋಳೆ ಬಂದು ಆ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಡೀಸೆಲ್ ಸಾಕಾಗದೆ ಗಾಡಿ ಸೊರಗುತ್ತದೆ. ಎಂಜಿನ್ ನಿಲ್ಲಿಸಿದಾಗ ಹೀರುವುದು ನಿಂತು ಲೋಳೆ ಕಳಚಿ ಕೆಳಗೆ ಬೀಳುತ್ತದೆ. ಮತ್ತೆ ಹೊರಟರೆ ಗಾಡಿ ಸರಿ. ಅಂದರೆ ಕೊಳೆ ಇರುವುದು ಟ್ಯಾಂಕಿನಲ್ಲಿ. ಫಿಲ್ಟರ್ ತನ್ನ ಕೆಲಸ ಮಾಡಿ ಮೂರು ಸಲ ನಿಮ್ಮ ಇಂಜೆಕ್ಟರ್ ಕಾಪಾಡಿದೆ. ನಾಲ್ಕನೆಯದನ್ನು ಹಾಕಿ ಸುಮ್ಮನಾಗಬೇಡಿ.

ಈಗ ಆ ಲೋಳೆ ಏನು ಅಂತ ನೋಡೋಣ. ಅದು ಪಾಚಿ ಅಲ್ಲ. ಪಾಚಿ ಬೆಳೆಯಲು ಬೆಳಕು ಬೇಕು, ಟ್ಯಾಂಕಿನೊಳಗೆ ಕತ್ತಲೆ. ಅಲ್ಲಿ ಬೆಳೆಯುವುದು ಬ್ಯಾಕ್ಟೀರಿಯಾ, ಯೀಸ್ಟ್ ಮತ್ತು ಬೂಷ್ಟು. ಮಳೆಗಾಲದಲ್ಲಿ ಬೀರುವಿನೊಳಗಿನ ಬೆಲ್ಟು, ಶೂಗಳ ಮೇಲೆ ಬೂಷ್ಟು ಬರುವುದು ಕೊಡಗಿನ ಪ್ರತಿ ಮನೆಯಲ್ಲೂ ಗೊತ್ತು. ಟ್ಯಾಂಕಿನದೂ ಅದರ ನೆಂಟನೇ. ಇವುಗಳ ಬೀಜಕಣಗಳು ಗಾಳಿಯಲ್ಲಿ, ಮಣ್ಣಿನಲ್ಲಿ, ನೀರಿನಲ್ಲಿ ಎಲ್ಲೆಲ್ಲೂ ಇವೆ. ಟ್ಯಾಂಕಿಗೆ ಬರದಂತೆ ತಡೆಯಲು ಸಾಧ್ಯವೇ ಇಲ್ಲ. ಆದರೆ ಒಣ ಡೀಸೆಲ್‌ನಲ್ಲಿ ಅವು ಬೆಳೆಯಲಾರವು. ಊಟ ಡೀಸೆಲ್‌ನಿಂದ ಸಿಕ್ಕರೂ ವಾಸಕ್ಕೆ ನೀರು ಬೇಕೇ ಬೇಕು. ನೀರು ಡೀಸೆಲ್‌ಗಿಂತ ಭಾರ, ಆದ್ದರಿಂದ ತಳದಲ್ಲಿ ಕೂರುತ್ತದೆ. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲೇ ಇವು ಪದರ ಕಟ್ಟುತ್ತವೆ. ಬೆಳೆಯುತ್ತಾ ಹುಳಿ ಪದಾರ್ಥ ಬಿಡುತ್ತವೆ, ಅದು ಕಬ್ಬಿಣದ ಟ್ಯಾಂಕಿನ ತಳವನ್ನು ಸಣ್ಣಸಣ್ಣ ಗುಂಡಿಯಾಗಿ ತಿನ್ನುತ್ತದೆ. ತುಂಬಾ ದಿನ ಬಿಟ್ಟ ಟ್ಯಾಂಕಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯೂ ಬರುತ್ತದೆ. ಗಂಧಕದ ಅಂಶ ತಿನ್ನುವ ಒಂದು ಬಗೆಯ ಬ್ಯಾಕ್ಟೀರಿಯಾ ಮಾಡುವ ಕೆಲಸ ಅದು.

ಈ ಬೂಷ್ಟುಗಳಲ್ಲಿ ತುಂಬಾ ಹೆಸರಾದದ್ದು ಅಮಾರ್ಫೊಥೀಕಾ ರೆಸಿನೇ. ವಿಮಾನದ ಟ್ಯಾಂಕುಗಳಲ್ಲಿ ಬೆಳೆದು ತೊಂದರೆ ಕೊಟ್ಟೇ ಇದು ಹೆಸರು ಮಾಡಿತು. ವಿಮಾನದ ಇಂಧನ ಅಂದರೆ ಒಂದು ಬಗೆಯ ಸೀಮೆಎಣ್ಣೆ ತಾನೆ? ಹಾಗಾಗಿ ಇದನ್ನು ಸೀಮೆಎಣ್ಣೆ ಶಿಲೀಂಧ್ರ ಅಂತಲೇ ಕರೆಯುತ್ತಾರೆ. ಇದನ್ನು ಯಾಕೆ ಹೇಳಿದೆ ಅಂದರೆ, ಲೋಳೆ ಹೋಗಲು ಸ್ವಲ್ಪ ಸೀಮೆಎಣ್ಣೆ ಹಾಕಿ ಅಂತ ಸಲಹೆ ಕೊಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅದು ಈ ಬೂಷ್ಟಿನ ಊಟ.

ಎಥೆನಾಲ್ ವಿಷಯ ಬೇಗ ಮುಗಿಸುತ್ತೇನೆ. ಶೇ 20ರ ಎಥೆನಾಲ್ ಬೆರೆಸುವುದು ಪೆಟ್ರೋಲ್‌ಗೆ. ಡೀಸೆಲ್‌ಗೂ ಅದಕ್ಕೂ ಸಂಬಂಧ ಇಲ್ಲ. ಡೀಸೆಲ್‌ಗೆ ಬೆರೆಸಬಹುದಾದದ್ದು ಬಯೋಡೀಸೆಲ್. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ಕ್ಕೆ ಶೇ 5ರಷ್ಟು ಬೆರೆಸುವ ಗುರಿ ಇಟ್ಟುಕೊಂಡಿದೆ. ಬಯೋಡೀಸೆಲ್ ನೀರನ್ನು ಹೆಚ್ಚು ಹಿಡಿದಿಡುತ್ತದೆ, ಸೂಕ್ಷ್ಮಜೀವಿಗಳಿಗೆ ತಿನ್ನಲೂ ಸುಲಭ. ಮುಂದೆ ಬ್ಯಾರೆಲ್‌ನಲ್ಲಿ ದೀರ್ಘಕಾಲ ಇಡುವವರು ಇನ್ನಷ್ಟು ಹುಷಾರಾಗಬೇಕು ಅನ್ನುವುದಕ್ಕೆ ಇದು ಕಾರಣ. 2020ರ ಏಪ್ರಿಲ್‌ನಿಂದ ಡೀಸೆಲ್‌ನಲ್ಲಿ ಗಂಧಕವನ್ನು ಹತ್ತು ಲಕ್ಷದಲ್ಲಿ 10 ಭಾಗಕ್ಕೆ ಇಳಿಸಿದ್ದರಿಂದಲೇ ಲೋಳೆ ಬರುತ್ತಿದೆ ಅಂತಲೂ ಕೆಲವರು ಹೇಳುತ್ತಾರೆ. ನಾನು ಕಂಡಂತೆ ಹಳೆಯ ಡೀಸೆಲ್‌ನಲ್ಲೂ ಲೋಳೆ ಇತ್ತು. ಬದಲಾದದ್ದು ಎಂಜಿನ್. ಹಳೆಯ ಜೀಪಿನ ಪಂಪು ಒಂದಷ್ಟು ನೀರು, ಕೊಳೆ ನುಂಗಿಕೊಂಡು ಓಡುತ್ತಿತ್ತು. ಈಗಿನ ಕಾಮನ್ ರೈಲ್ ಎಂಜಿನ್‌ಗೆ, ಅಂದರೆ ಭಾರೀ ಒತ್ತಡದ ಡೀಸೆಲನ್ನು ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರ್‌ಗೂ ಕೊಡುವ ಎಂಜಿನ್‌ಗೆ, ಅದು ಆಗದು.

ಬಂಕಿನವರ ಮೇಲಿನ ಅನುಮಾನಕ್ಕೆ ಬರೋಣ. ಬಂಕಿನ ನೆಲದಡಿಯ ಟ್ಯಾಂಕಿಗೆ ನೀರು ಸೇರುವುದು ಉಂಟು, ಇಲ್ಲ ಅನ್ನುವುದಿಲ್ಲ. ಅದಕ್ಕೇ ಅವರು ಅಳತೆಕೋಲಿಗೆ ಬಣ್ಣ ಬದಲಿಸುವ ಪೇಸ್ಟ್ ಹಚ್ಚಿ ತಳದ ನೀರು ನೋಡುತ್ತಾರೆ. ಆದರೆ ಬಂಕಿನ ತಪ್ಪಾಗಿದ್ದರೆ ಅಲ್ಲಿ ಹಾಕಿಸಿದ ಬೇರೆ ಗಾಡಿಗಳೂ ಅದೇ ವಾರ ನಿಂತಿರಬೇಕಿತ್ತು. ನಿಮ್ಮ ಊರಿನಲ್ಲಿ ಹಾಗಾಗಿದೆಯಾ, ವಿಚಾರಿಸಿ. ಆಗಿಲ್ಲದಿದ್ದರೆ ನನ್ನ ಅನುಮಾನ ಪೂರ್ತಿ ಕೆರೆ ಪಕ್ಕದ ಆ ಬ್ಯಾರೆಲ್ ಮೇಲೆ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಇಡೀ ತೊಂದರೆಯ ಬೇರು ಇಲ್ಲಿದೆ. ಖಾಲಿ ಜಾಗದ ಗಾಳಿ ತಣಿದು ನೀರಾಗುತ್ತದೆ, ಅದೇ ಕಾರಣ ಅಂತ ಎಲ್ಲರೂ ಹೇಳುತ್ತಾರೆ. ಅದು ಸುಳ್ಳಲ್ಲ, ಆದರೆ ಲೆಕ್ಕ ಹಾಕಿದರೆ ಬಹಳ ಕಡಿಮೆ. 25 ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಿರುತ್ತದೆ. ಟ್ಯಾಂಕಿನಲ್ಲಿ 50 ಲೀಟರ್ ಖಾಲಿ ಇದ್ದರೆ ಆ ಗಾಳಿಯಲ್ಲಿ ಬರೀ ಒಂದು ಗ್ರಾಂ ಚಿಲ್ಲರೆ ನೀರು. ಹಗಲು ರಾತ್ರಿಗೆ 10 ಡಿಗ್ರಿ ವ್ಯತ್ಯಾಸ ಆದರೂ ಒಳಗಿನ ಗಾಳಿಯ ಶೇ 3–4 ಮಾತ್ರ ಹೊರಗೆ ಹೋಗಿ ಹೊಸದು ಬರುತ್ತದೆ. ಇಡೀ ಮಳೆಗಾಲಕ್ಕೆ ಸೇರುವುದು ಹೆಚ್ಚೆಂದರೆ ಒಂದು ಟೀ ಚಮಚ. ಬೂಷ್ಟು ಹುಟ್ಟಲು ಅಷ್ಟು ಸಾಕು. ಆದರೆ ಮೂರು ಫಿಲ್ಟರ್ ತುಂಬುವಷ್ಟು ಬೆಳೆಯಲು ಸಾಲದು.

ಬಯಲಿನ ಬ್ಯಾರೆಲ್ ಕತೆ ಬೇರೆ. ನಿಲ್ಲಿಸಿಟ್ಟ ಬ್ಯಾರೆಲ್‌ನ ಮೇಲ್ಭಾಗಕ್ಕೆ ಸುತ್ತ ಅಂಚಿದೆ, ಅಲ್ವಾ? ಮಳೆ ಬಂದರೆ ಅಲ್ಲಿ ತಟ್ಟೆಯ ಹಾಗೆ ಮೂರು ನಾಲ್ಕು ಲೀಟರ್ ನೀರು ನಿಲ್ಲುತ್ತದೆ. ಬಿರಡೆ ಆ ನೀರಿನೊಳಗೆ ಮುಳುಗಿರುತ್ತದೆ. ಬಿಸಿಲು ಬಂದಾಗ ಒಳಗಿನ ಗಾಳಿ ಹಿಗ್ಗಿ ಬಿರಡೆಯ ತಿರುಪಿನ ಸಂದಿನಿಂದ ಹೊರಗೆ ಹೋಗುತ್ತದೆ. ಸಂಜೆ ಮಳೆ ಸುರಿದು ಬ್ಯಾರೆಲ್ ತಣ್ಣಗಾದಾಗ ಒಳಗಿನ ಒತ್ತಡ ಇಳಿಯುತ್ತದೆ. ಆಗ ಅದೇ ಸಂದಿನಿಂದ ಬ್ಯಾರೆಲ್ ಮೇಲಿನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಬಿರಡೆ ಬಿಗಿಯಾಗಿದ್ದರೂ ವಾಷರ್ ಒಣಗಿದ್ದರೆ ಇದು ನಡೆಯುತ್ತದೆ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಹೀಗೆ ದಿನಾ ಆದರೆ ಲೆಕ್ಕ ಹಾಕಿ. ಇಂಥ ಬ್ಯಾರೆಲ್‌ಗಳ ತಳದಿಂದ ನಾನೇ ಎರಡು ಮೂರು ಲೀಟರ್ ನೀರು ತೆಗೆದಿದ್ದೇನೆ.

ನಂಬಿಕೆಗೆ ನೀವೇ ನೋಡಿ. ಒಂದು ಉದ್ದ ಕೊಳವೆಯಿಂದ ಬ್ಯಾರೆಲ್‌ನ ಕಟ್ಟಕಡೆಯ ತಳದಿಂದ ಒಂದು ಲೀಟರ್ ಎಳೆದು ಬಿಳಿ ಗಾಜಿನ ಬಾಟಲಿಗೆ ತುಂಬಿ. ಬಾಯಿಂದ ಮಾತ್ರ ಎಳೆಯಬೇಡಿ, ಡೀಸೆಲ್ ಶ್ವಾಸಕೋಶಕ್ಕೆ ಇಳಿದರೆ ಅಪಾಯ. ಕೈಪಂಪ್ ಬಳಸಿ. ಪಿಕಪ್‌ನ ಫಿಲ್ಟರ್ ತಳದ ಸ್ಕ್ರೂ ಸಡಿಲಿಸಿ ಇನ್ನೊಂದು ಬಾಟಲಿ ಹಿಡಿಯಿರಿ. ಬಂಕಿನಿಂದ ಹೊಸದಾಗಿ ತಂದದ್ದು ಮೂರನೆಯದು. ಮೂರನ್ನೂ ಒಂದು ರಾತ್ರಿ ಅಲ್ಲಾಡಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ನೀರು, ಅದರ ಮೇಲೆ ಕಂದು ಪೊರೆ ಅಥವಾ ನೂಲಿನ ಎಳೆಯಂಥದ್ದು ಕಂಡರೆ ಅದೇ ಕಳ್ಳ. ಎಲ್ಲಿ ಕಂಡಿತು ಅನ್ನುವುದು ಯಾರ ತಪ್ಪು ಅಂತಲೂ ಹೇಳುತ್ತದೆ. ಗ್ಲೌಸ್ ಹಾಕಿ ಬೆರಳಲ್ಲಿ ಉಜ್ಜಿ ನೋಡಿ. ಜಾರುತ್ತಾ ಎಳೆ ಎಳೆಯಾದರೆ ಜೀವಿಗಳ ಲೋಳೆ. ಕೆಂಪು ಮರಳಿನ ಹಾಗಿದ್ದರೆ ತುಕ್ಕು. ಕಪ್ಪು ಪುಡಿಯಾಗಿ ಅಂಟಿದರೆ ಹಳಸಿದ ಡೀಸೆಲ್‌ನ ಗಸಿ.

ಈಗ ಏನೇನು ದಾರಿ ಇದೆ ಅಂತ ನೋಡೋಣ.

ಪೆಟ್ರೋಲ್ ಬೆರೆಸುವುದಂತೂ ಬೇಡವೇ ಬೇಡ. ಜೀವಿಗಳು ಇರುವುದು ತಳದ ನೀರಿನಲ್ಲಿ, ಮೇಲೆ ಬೆರೆತ ಪೆಟ್ರೋಲ್ ಅವುಗಳನ್ನು ಮುಟ್ಟುವುದಿಲ್ಲ. ನಿಮ್ಮ ಗಾಡಿಯ ಹೈ ಪ್ರೆಶರ್ ಪಂಪ್‌ಗೆ ಡೀಸೆಲ್‌ನ ಜಿಡ್ಡೇ ಎಣ್ಣೆ. ಪೆಟ್ರೋಲ್ ಆ ಜಿಡ್ಡನ್ನು ತೆಳುವಾಗಿಸುತ್ತದೆ, ಲೋಹಕ್ಕೆ ಲೋಹ ಉಜ್ಜಿ ಪುಡಿ ಏಳುತ್ತದೆ. ಆ ಪುಡಿ ಇಂಜೆಕ್ಟರ್‌ಗೆ ಹೋದರೆ ಪಂಪ್, ಪೈಪ್, ಇಂಜೆಕ್ಟರ್ ಎಲ್ಲವನ್ನೂ ಬದಲಿಸಬೇಕಾಗಬಹುದು. ಜೊತೆಗೆ ಟ್ಯಾಂಕ್ ತೊಳೆಯುವವರಿಗೆ ಬೆಂಕಿಯ ಅಪಾಯವೂ ಹೆಚ್ಚುತ್ತದೆ. ಬ್ಲೀಚಿಂಗ್ ದ್ರಾವಣ, ಸ್ಪಿರಿಟ್ ಹಾಕುವ ಪ್ರಯೋಗಗಳಿಗೂ ನನ್ನ ಉತ್ತರ ಇದೇ.

ಔಷಧಿಯ ವಿಷಯ ಸ್ವಲ್ಪ ಸೂಕ್ಷ್ಮ. ಇಂಧನಕ್ಕೆಂದೇ ತಯಾರಿಸಿದ ಜೀವಾಣುನಾಶಕಗಳಿವೆ, ಅವು ಕೆಲಸ ಮಾಡುತ್ತವೆ. ಅಂಗಡಿಯಲ್ಲಿ ಸಿಗುವ ಇಂಜೆಕ್ಟರ್ ಕ್ಲೀನರ್ ಬಾಟಲಿಗಳು ಅವಲ್ಲ, ಗಮನಿಸಿ. ನೀರನ್ನು ಡೀಸೆಲ್‌ನಲ್ಲಿ ಕರಗಿಸಿ ಸುಟ್ಟುಬಿಡುತ್ತೇವೆ ಅನ್ನುವ ದ್ರವಗಳನ್ನೂ ಕಾಮನ್ ರೈಲ್ ಗಾಡಿಗೆ ಹಾಕಬೇಡಿ. ಫಿಲ್ಟರ್ ತಡೆಯಬೇಕಾದ ನೀರನ್ನು ಅವು ಸಣ್ಣ ಹನಿ ಮಾಡಿ ಇಂಜೆಕ್ಟರ್ ತನಕ ಕಳಿಸುತ್ತವೆ. ಇನ್ನು ನಿಜವಾದ ಜೀವಾಣುನಾಶಕಕ್ಕೂ ಒಂದು ಮಿತಿ ಇದೆ. ಅದು ಕೊಲ್ಲುತ್ತದೆ ಅಷ್ಟೇ. ಹೆಣ ಟ್ಯಾಂಕಿನಲ್ಲೇ ಉಳಿಯುತ್ತದೆ.

ಇದನ್ನು ನಾನು ಕಲಿತದ್ದು ಒಂದು ಕೆಟ್ಟ ರಾತ್ರಿಯಲ್ಲಿ. ಭಾಗಮಂಡಲ ಕಡೆಯ ಒಂದು ಮನೆಯ ಜನರೇಟರ್. ಟ್ಯಾಂಕಿನಲ್ಲಿ ಲೋಳೆ ಇತ್ತು. ಬಿಚ್ಚಲು ಸಮಯ ಇರಲಿಲ್ಲ. ಔಷಧಿ ಹಾಕಿ, ಎರಡು ದಿನ ಬಿಟ್ಟು ಓಡಿಸಿ ಅಂತ ಹೇಳಿ ಬಂದೆ. ಮೂರನೇ ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯಿತು. ಜನರೇಟರ್ ಇಪ್ಪತ್ತು ನಿಮಿಷ ಓಡಿ ನಿಂತಿತು. ಗೋಡೆಗೆ ಅಂಟಿದ್ದ ಲೋಳೆ ಸತ್ತು ಹಾಳೆ ಹಾಳೆಯಾಗಿ ಕಳಚಿ ಫಿಲ್ಟರ್‌ಗೆ ಬಂದಿತ್ತು. ಆ ಮನೆಯಲ್ಲಿ ಉಸಿರಾಟದ ಯಂತ್ರದ ಮೇಲಿದ್ದ ಅಜ್ಜಿಯೊಬ್ಬರಿದ್ದರು. ಬ್ಯಾಟರಿ ಮುಗಿಯುವ ಮೊದಲು ಹೊಸ ಫಿಲ್ಟರ್ ತಲುಪಿಸಿದೆವು, ಅವರಿಗೆ ಏನೂ ಆಗಲಿಲ್ಲ. ತಪ್ಪು ನನ್ನದೇ. ಅಂದಿನಿಂದ ತಳ ತೊಳೆಯದೆ ಔಷಧಿ ಹಾಕಿಲ್ಲ.

ಅಳತೆ ಮೀರಿದರೂ ಕಷ್ಟ. 2020ರ ಫೆಬ್ರವರಿಯಲ್ಲಿ ಲಂಡನ್‌ನ ಗ್ಯಾಟ್ವಿಕ್‌ನಿಂದ ಮೇಲೇರಿದ ಒಂದು ಏರ್‌ಬಸ್ ಎ321 ವಿಮಾನದ ಎರಡೂ ಎಂಜಿನ್‌ಗಳು ತೊಂದರೆ ಕೊಟ್ಟವು. ವಿಮಾನ ಸುರಕ್ಷಿತವಾಗಿ ವಾಪಸ್ ಇಳಿಯಿತು. ಅದರ ಟ್ಯಾಂಕಿಗೆ ಹಿಂದಿನ ದಿನಗಳಲ್ಲಿ ಜೀವಾಣುನಾಶಕ ಹಾಕಿದ್ದರು. ಹೇಳಿದ ಅಳತೆಗಿಂತ ಸುಮಾರು 38 ಪಟ್ಟು ಜಾಸ್ತಿ ಬಿದ್ದಿತ್ತು ಅಂತ ತನಿಖೆಯಲ್ಲಿ ಗೊತ್ತಾಯಿತು. ಒಂದು ಮುಚ್ಚಳಕ್ಕೆ ಎರಡು ಮುಚ್ಚಳ ಹಾಕಿದರೆ ಬೇಗ ಸಾಯುತ್ತವೆ ಅನ್ನುವ ಲೆಕ್ಕ ಇಲ್ಲಿ ನಡೆಯದು. ಲೇಬಲ್ ನೋಡಿ, ಅಳೆದು ಹಾಕಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಚರ್ಮ, ಕಣ್ಣು ಎರಡನ್ನೂ ಸುಡುವ ಪದಾರ್ಥ ಅದು. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಏನು ಹಾಕುವ ಮುಂಚೆಯೂ ಸರ್ವಿಸ್ ಪುಸ್ತಕ ತೆಗೆದು ನೋಡಿ.

ಹಾಗಾದರೆ ಟ್ಯಾಂಕ್ ಬಿಚ್ಚಲೇಬೇಕಾ? ನಿಮ್ಮ ಗಾಡಿಗೆ ಬೇಕು ಅಂತಲೇ ನನ್ನ ಅಭಿಪ್ರಾಯ. ಒಂದೇ ಸಲ ಫಿಲ್ಟರ್ ಕಟ್ಟಿದ್ದರೆ ನೀರು ಇಳಿಸಿ, ತಳದ ಡೀಸೆಲ್ ಪಂಪ್ ಮಾಡಿ ತೆಗೆದು, ಸಣ್ಣ ಫಿಲ್ಟರ್ ಮೂಲಕ ಸೋಸಿ ವಾಪಸ್ ಬಿಡಿ ಅನ್ನುತ್ತಿದ್ದೆ. ಮೂರು ಸಲ ಕಟ್ಟಿದೆ ಅಂದರೆ ಲೋಳೆ ಗೋಡೆಗೆ, ಮೂಲೆಗೆ ಅಂಟಿದೆ. ಕೈ ಹಾಕಿ ಒರೆಸದೆ ಅದು ಹೋಗದು. ಕೆಲವು ಗಾಡಿಗಳಲ್ಲಿ ಫ್ಯೂಯೆಲ್ ಗೇಜಿನ ತೂತಿನಿಂದಲೇ ಕೆಲಸ ಆಗುತ್ತದೆ, ಮೊದಲು ಅದನ್ನು ನೋಡಲು ಹೇಳಿ.

ಟ್ಯಾಂಕ್ ಕೆಳಗಿಳಿಸಿದ ಮೇಲೆ ಜಾಲರಿ, ಕೊಳವೆ ಬಿಚ್ಚಿ ತೊಳೆಯಬೇಕು. ಒಳಗೆ ನೂಲು ಬಿಡದ ಬಟ್ಟೆಯಿಂದ ಒರೆಸಿ, ಶುದ್ಧ ಡೀಸೆಲ್‌ನಿಂದ ತೊಳೆಯಬೇಕು. ನೀರು, ಸೋಪು ಬಳಸಿದರೆ ಪೂರ್ತಿ ಒಣಗುವ ತನಕ ವಾಪಸ್ ಕೂರಿಸಬಾರದು. ಅವಸರದಲ್ಲಿ ಒದ್ದೆ ಟ್ಯಾಂಕ್ ಕೂರಿಸಿ ಒಂದೇ ತಿಂಗಳಲ್ಲಿ ಮತ್ತೆ ಬಂದವರಿದ್ದಾರೆ. ಕಬ್ಬಿಣದ ಟ್ಯಾಂಕಿನಲ್ಲಿ ತೂತು ಕಂಡರೆ ಹಾಗೇ ವೆಲ್ಡಿಂಗ್ ಮಾಡಿಸಬೇಡಿ. ಖಾಲಿ ಕಂಡರೂ ಒಳಗೆ ಆವಿ ಇರುತ್ತದೆ, ಸ್ಫೋಟ ಆಗುತ್ತದೆ. ಟ್ಯಾಂಕೇ ಬದಲಿಸುವುದು ಒಳ್ಳೆಯದು. ಟ್ಯಾಂಕಿನಿಂದ ಫಿಲ್ಟರ್‌ವರೆಗಿನ ಪೈಪ್, ಎಂಜಿನ್‌ನಿಂದ ವಾಪಸ್ ಬರುವ ಪೈಪ್ ಕೂಡ ತೊಳೆಸಿ. ಆಮೇಲೆ ಬಂಕಿನ ಹೊಸ ಡೀಸೆಲ್, ಹೊಸ ಫಿಲ್ಟರ್, ಅಳತೆಯ ಔಷಧಿ ಒಂದು ಸಲ. ಒರೆಸಿದರೂ ಉಳಿದ ಜೀವಿಗಳಿಗೆ ಅದು. ಪ್ರತಿ ಟ್ಯಾಂಕಿಗೂ ಹಾಕುವ ಅಭ್ಯಾಸ ಬೇಡ.

ಬಿಚ್ಚಿ ಕೂರಿಸಿದ ಮೇಲೆ ಡೀಸೆಲ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವಾಗ ಒಂದು ಎಚ್ಚರ. ಹಳೆಯ ಜೀಪಿನಲ್ಲಿ ಮಾಡುತ್ತಿದ್ದ ಹಾಗೆ ಎಂಜಿನ್ ತಿರುಗುತ್ತಿರುವಾಗ ಇಂಜೆಕ್ಟರ್ ಪೈಪ್ ಸಡಿಲಿಸಬೇಡಿ. ಇಲ್ಲಿ ಒತ್ತಡ 1600ರಿಂದ 2000 ಬಾರ್ ತನಕ ಹೋಗುತ್ತದೆ. ಗಾಡಿಯ ಟೈರಿನಲ್ಲಿ ಇರುವುದು ಎರಡು ಮೂರು ಬಾರ್. ಆ ಒತ್ತಡದ ಡೀಸೆಲ್ ಸೂಜಿಯ ಹಾಗೆ ಚರ್ಮ ತೂರುತ್ತದೆ. ಗಾಯ ಚುಕ್ಕೆಯಷ್ಟೇ ಕಂಡರೂ ಬೆರಳು ಕತ್ತರಿಸುವ ಸ್ಥಿತಿ ಬರಬಹುದು. ಹಾಗೇನಾದರೂ ಆದರೆ ನೋವಿಲ್ಲ ಅಂತ ಮನೆಯಲ್ಲಿ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಇಂಜೆಕ್ಟರ್ ಪರೀಕ್ಷೆಯನ್ನು ಟ್ಯಾಂಕ್ ಶುದ್ಧ ಆದ ಮೇಲೆ ಮಾಡಿಸಿ. ಅದರೊಳಗಿನ ಭಾಗಗಳ ನಡುವಿನ ಸಂದು ಎರಡು ಮೂರು ಮೈಕ್ರಾನ್, ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ನೀರು ಹೋಗಿದ್ದರೆ ತುಕ್ಕು ಹಿಡಿದು ಡೀಸೆಲ್ ವಾಪಸ್ ಸೋರುವುದು ಹೆಚ್ಚುತ್ತದೆ. ಪ್ರತಿ ಇಂಜೆಕ್ಟರ್‌ನಿಂದ ಎಷ್ಟು ವಾಪಸ್ ಬರುತ್ತಿದೆ ಅಂತ ಅಳೆದರೆ ಗೊತ್ತಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದು, ನಿಂತಲ್ಲೇ ಎಂಜಿನ್ ಕುಲುಕುವುದು, ಬಿಳಿ ಅಥವಾ ಕಪ್ಪು ಹೊಗೆ, ಇವು ಇಲ್ಲದಿದ್ದರೆ ಗಾಬರಿ ಬೇಡ. ಕೊಳೆ ಟ್ಯಾಂಕಿಗೆ ಹೊಸ ಇಂಜೆಕ್ಟರ್ ಹಾಕಿಸಿಕೊಂಡು ಎರಡು ಸಲ ದುಡ್ಡು ಕೊಟ್ಟವರನ್ನು ನೋಡಿದ್ದೇನೆ, ಅದಕ್ಕೇ ಈ ಕ್ರಮ ಒತ್ತಿ ಹೇಳುತ್ತಿದ್ದೇನೆ.

ಬ್ಯಾರೆಲ್‌ನ 80 ಲೀಟರ್ ಪೂರ್ತಿ ಚೆಲ್ಲಬೇಕಿಲ್ಲ. ಎರಡು ದಿನ ಅಲ್ಲಾಡಿಸದೆ ಬಿಡಿ. ಮೇಲಿನ 50 ಲೀಟರ್ ಮಾತ್ರ ನಿಧಾನಕ್ಕೆ ಪಂಪ್ ಮಾಡಿ, ನೀರು ತಡೆಯುವ ಫಿಲ್ಟರ್ ಮೂಲಕ ಸೋಸಿ. ಬಾಟಲಿಯಲ್ಲಿ ಹಿಡಿದರೆ ಹಿಂದಿಟ್ಟ ಅಕ್ಷರ ಓದುವಷ್ಟು ತಿಳಿಯಾಗಿರಬೇಕು. ಅದನ್ನು ಹಳೆಯ ಪಂಪ್‌ಸೆಟ್‌ಗೆ ಅಥವಾ ಟಿಲ್ಲರ್‌ಗೆ ಬಳಸಿ ಮುಗಿಸಿ, ಪಿಕಪ್‌ಗೆ ಬೇಡ. ಪಂಪ್‌ಸೆಟ್‌ನ ಟ್ಯಾಂಕಿನಲ್ಲೂ ಮಾರ್ಚ್‌ನದೇ ಡೀಸೆಲ್ ಇರುತ್ತದೆ, ಅದರ ತಳವನ್ನೂ ನೋಡಲು ಮರೆಯಬೇಡಿ. ಉಳಿದ ತಳದ ಗಸಿಯನ್ನು ತೋಟಕ್ಕೋ ತೋಡಿಗೋ ದಯವಿಟ್ಟು ಚೆಲ್ಲಬೇಡಿ. ನಿಮ್ಮ ಕಡೆಯ ತೋಡಿನ ನೀರು ಕಾವೇರಿಗೇ ಸೇರುವುದು. ಒಲೆಗೂ ಹಾಕಬೇಡಿ. ಮುಚ್ಚಳ ಇರುವ ಕ್ಯಾನಿಗೆ ತುಂಬಿ, ಹಳೆಯ ಎಂಜಿನ್ ಆಯಿಲ್ ಒಯ್ಯಲು ಪರವಾನಗಿ ಇರುವವರಿಗೆ ವರ್ಕ್‌ಶಾಪ್ ಮೂಲಕ ಕೊಡಿ.

ಬ್ಯಾರೆಲ್ ತೊಳೆದು ಒಣಗಿಸಿ ಸೂರಿನಡಿಗೆ ತನ್ನಿ. ಮಲಗಿಸಿ ಇಡುವುದಾದರೆ ಎರಡು ಬಿರಡೆಗಳೂ ಒಂದೇ ಮಟ್ಟದಲ್ಲಿ, ಗಡಿಯಾರದ 3 ಮತ್ತು 9ರ ಜಾಗದಲ್ಲಿ ಬರಲಿ. ತುಂಬಿದ ಬ್ಯಾರೆಲ್‌ನಲ್ಲಿ ಡೀಸೆಲ್ ಒಳಗಿನಿಂದ ಬಿರಡೆಯನ್ನು ಮುಚ್ಚಿರುವುದರಿಂದ ಗಾಳಿ, ನೀರು ಎಳೆದುಕೊಳ್ಳುವುದು ನಿಲ್ಲುತ್ತದೆ. ನಿಲ್ಲಿಸಿಯೇ ಇಡಬೇಕಾದರೆ ಒಂದು ಪಕ್ಕಕ್ಕೆ ಓರೆ ಮಾಡಿ, ನೀರು ನಿಲ್ಲುವ ತಗ್ಗಿನ ಅಂಚಿನಲ್ಲಿ ಎರಡು ಬಿರಡೆಗಳಲ್ಲಿ ಯಾವುದೂ ಬಾರದಿರಲಿ. ಕೈಪಂಪಿನ ಕೊಳವೆ ತಳದಿಂದ ನಾಲ್ಕು ಇಂಚು ಮೇಲಿರಲಿ. ಜಿಂಕ್ ಲೇಪದ ಡಬ್ಬ ಬಳಸಬೇಡಿ, ಜಿಂಕ್ ಡೀಸೆಲ್‌ಗೆ ಒಗ್ಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಮಾರ್ಚ್‌ನಲ್ಲಿ ಉಳಿದದ್ದನ್ನು ಮೇ ಒಳಗೆ ಖಾಲಿ ಮಾಡಿ. ಮಳೆ ದಾಟಿಸಬೇಡಿ. ಪಿಕಪ್ ಟ್ಯಾಂಕನ್ನು ಜೂನ್‌ಗೆ ಮುಂಚೆ ಬಂಕಿನಲ್ಲೇ ತುಂಬಿಸಿ. ತಿಂಗಳಿಗೊಮ್ಮೆ ಫಿಲ್ಟರ್ ತಳದ ನೀರು ಇಳಿಸಿ. ನೆನಪಿಗೆ ಬೇಕಾದರೆ ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಆಯುಧಪೂಜೆಯ ಹಬ್ಬಕ್ಕೆ ಕೋವಿ, ಕತ್ತಿ ಶುಚಿ ಮಾಡುವ ದಿನವೇ ಬ್ಯಾರೆಲ್‌ನ ತಳವನ್ನೂ ಒಂದು ಬಾಟಲಿಗೆ ಹಿಡಿದು ನೋಡಿ.

ಕೊಯ್ಲಿನ ಲೆಕ್ಕಕ್ಕೆ ಹೇಳುವುದಾದರೆ, ಒಣಗಿಸುವ ಸಮಯ ಸೇರಿ ಇದು ಮೂರು ದಿನದ ಕೆಲಸ. ಎರಡು ಫಿಲ್ಟರ್ ಹೆಚ್ಚಿಗೆ ತಂದಿಟ್ಟುಕೊಳ್ಳಿ. ಒಂದನ್ನು ಸುಮಾರು 300 ಕಿಲೋಮೀಟರ್‌ಗೆ ಬದಲಿಸಿ, ಇನ್ನೊಂದನ್ನು 1000ಕ್ಕೆ. ಬಿಚ್ಚಿದ್ದನ್ನು ಎಸೆಯದೆ ಕತ್ತರಿಸಿ ಒಳಗಿನ ಕಾಗದ ಬಿಡಿಸಿ ನೋಡಿ. ಮೊದಲನೆಯದರಲ್ಲಿ ಸ್ವಲ್ಪ ಕಂದು ಎಳೆ ಇದ್ದರೆ ಸಹಜ. ಎರಡನೆಯದರಲ್ಲೂ ಇದ್ದರೆ ಆ ಫಿಲ್ಟರನ್ನೂ ಟ್ಯಾಂಕ್ ತಳದ ಒಂದು ಬಾಟಲಿ ಡೀಸೆಲನ್ನೂ ತೆಗೆದುಕೊಂಡು ತೊಳೆದವರ ಹತ್ತಿರವೇ ಹೋಗಿ.